ಮರ್ನಾಗೆ ಐದು ಹಾಡು

ಲಾಯ್ಡ್‌ನ ಆ ದಿನದ ತಾಪತ್ರಯಕ್ಕೆಲ್ಲ ಮೂಲ ಮೂವರು ಮುದುಕರ ಗಿಟಾರು. ಸಾನ್ ತಾದೆಯೋ ಊರಿನ ಚೌಕಕ್ಕೆ ಸಂಜೆ ಆರಕ್ಕೆ ಬರುವ ಈ ಮೂವರು, ದುಡ್ಡು ಕೊಟ್ಟವರ ಬೆಂಚಿನ ಮುಂದೆ ನಿಂತು ಅವರ ಹೆಸರು ಸೇರಿಸಿ ಹಾಡುತ್ತಾರೆ. ಕೆನಡಾದ ಚಳಿ ತಪ್ಪಿಸಿಕೊಂಡು ಮೆಕ್ಸಿಕೋಗೆ ಬರುವ ಲಾಯ್ಡ್ ಮತ್ತು ಮರ್ನಾ ನಾಲ್ಕು ಚಳಿಗಾಲ ಅಲ್ಲಿ ಕೂತು ಕೇಳಿದ್ದರೂ ಒಂದು ಹಾಡನ್ನೂ ಕೊಂಡಿರಲಿಲ್ಲ.

"ಪಕ್ಕದವರಿಗೆ ಹಾಡಿದ್ದು ನಮಗೂ ಕೇಳ್ಸುತ್ತಲ್ಲ, ಮತ್ಯಾಕೆ?" ಎನ್ನುವುದು ಲಾಯ್ಡ್‌ನ ವಾದ. ಕೆನಡಾದಲ್ಲಿ ರಸ್ತೆಯ ಹಿಮ ತಳ್ಳುವ ಗಾಡಿ ಓಡಿಸಿ ನಿವೃತ್ತನಾದವನು. ಎಂಜಲ ಕೈಯಲ್ಲಿ ಕಾಗೆ ಓಡಿಸದ ಆಸಾಮಿ. ಬೇರೆ ಯಾರದೋ ಹೆಸರು ಹಾಡಿನಲ್ಲಿ ಬಂದಾಗ ಮರ್ನಾ ತಲೆ ತಗ್ಗಿಸುತ್ತಿದ್ದಳು. ಅದು ಲಾಯ್ಡ್‌ನ ಕಣ್ಣಿಗೆ ಬಿದ್ದದ್ದು ಹೋದ ವಾರ. ಅಂದಿನಿಂದ ಅವನಿಗೆ ಸರಿಯಾಗಿ ನಿದ್ದೆಯಿಲ್ಲ.

ಇವತ್ತು ಶನಿವಾರ, ಮದುವೆಯಾಗಿ ನಲವತ್ತು ವರ್ಷ. ಮರ್ನಾ ಹೆಸರಿನಲ್ಲಿ ಐದು ಹಾಡು ಎಂದು ಲಾಯ್ಡ್ ಗಟ್ಟಿ ಮನಸ್ಸು ಮಾಡಿದ. ಸಾವಿರದ ಇನ್ನೂರು ಪೆಸೊ ಬೇಕು. ಗುಟ್ಟು ರಟ್ಟಾದೀತೆಂದು ಬೆಳಿಗ್ಗೆ ಹೆಂಡತಿಗೆ ಒಂದು ಶುಭಾಶಯವನ್ನೂ ಹೇಳದೆ ಹೊರಟ.

"ಡಾಲರ್ ಮುಟ್ಟೋದೇ ಇಲ್ಲ ಆ ಹಾಡೋರು," ಎಂದ ಎದುರು ಮನೆಯ ಡೆಲ್ಬರ್ಟ್. ಅವನೂ ಕೆನಡಾದವನೇ, ತಿಳಿಯದ ವಿಷಯವೇ ಇಲ್ಲ. "ಚೌಕದಲ್ಲಿ ದುಡ್ಡು ಬದಲಿಸೋ ಅಂಗಡಿಯೋನು ಡಾಲರಿಗೆ ಹನ್ನೊಂದು ಪೆಸೊ ಕೊಡ್ತಾನೆ, ಹಗಲು ದರೋಡೆ. ನಿಜವಾದ ದರ ಹದಿನಾಲ್ಕು. ಎಟಿಎಮ್ಮಿಗೆ ಹೋಗು. ನಮ್ಮ ದರದಲ್ಲಿ ಕೊಡ್ಲಾ ಅಂತ ಕೇಳುತ್ತೆ, ಬೇಡ ಅನ್ನು. ಏನು ಕೇಳಿದ್ರೂ ಬೇಡ ಅನ್ನು!"

ಲಾಯ್ಡ್ ಹಾಗೇ ಮಾಡಿದ. ನಮ್ಮ ದರ ಒಪ್ಪಿಗೆಯೇ? ಬೇಡ. ಶುಲ್ಕ ತೊಂಬತ್ತು ಪೆಸೊ ಒಪ್ಪಿಗೆಯೇ? ಬೇಡ. ಮತ್ತೆ ಪ್ರಯತ್ನಿಸುವಿರಾ? ಬೇಡ. ಇನ್ನಷ್ಟು ಸಮಯ ಬೇಕೇ? ಬೇಡ. ಮೆಷಿನ್ನಿಗೆ ಬೇಸರ ಬಂತೋ ಏನೋ, ಕಾರ್ಡನ್ನು ನುಂಗಿ ಸುಮ್ಮನಾಯಿತು.

"ಸೋಮವಾರ ಬನ್ನಿ," ಎಂದ ಕಾವಲಿನವನು.

"ಕೊನೇ ಪ್ರಶ್ನೆಗೆ ಹೌದು ಅನ್ಬೇಕಿತ್ತು. ಅಷ್ಟೂ ಗೊತ್ತಾಗ್ಲಿಲ್ವಾ?" ಎಂದ ಡೆಲ್ಬರ್ಟ್, ಸುದ್ದಿ ಕೇಳಿ.

ಉಳಿದದ್ದು ಜೇಬಿನಲ್ಲಿದ್ದ ನೂರು ಡಾಲರು. ಹನ್ನೊಂದರಂತೆ ಮಾರಿದರೆ ಒಂದು ಹಾಡು ಕಮ್ಮಿಯಾಗುತ್ತದೆ. ಬಿಸಿಲಿನಲ್ಲಿ ಬೆಂದು ಬಂದ ಲಾಯ್ಡ್, ತಮ್ಮ ಕಟ್ಟಡದ ಕೆಳಗಿನ, ಎಲ್ಲರೂ ಗೌರವದಿಂದ ದೋನ್ಯಾ ಎನ್ನುವ ಎಲ್ವಿರಾಳ ಅಂಗಡಿಯಲ್ಲಿ ಕುಕ್ಕರಿಸಿ ಗೋಳು ತೋಡಿಕೊಂಡ.

ಎಲ್ವಿರಾ ದನಿ ತಗ್ಗಿಸಿದಳು. "ಇದೇ ಕಟ್ಟಡದಲ್ಲಿ ಒಬ್ಬ ಹೆಂಗಸಿನ ಹತ್ರ ಪೆಸೊ ಇದೆ, ಡಾಲರ್ ಬೇಕಂತೆ. ಹೆಸರು ಮಾತ್ರ ಕೇಳ್ಬೇಡಿ. ಗಂಡಂಗೆ ಗೊತ್ತಾಗ್ಬಾರ್ದು ಅಂತ ಆಣೆ ಹಾಕಿಸ್ಕೊಂಡಿದಾಳೆ."

"ನನ್ನ ಹೆಸರೂ ಹೇಳ್ಬೇಡಿ. ನನ್ನ ಹೆಂಡ್ತಿಗೆ ಗೊತ್ತಾಗ್ಬಾರ್ದು."

ಎಲ್ವಿರಾ ಅವನನ್ನೇ ಒಂದು ಗಳಿಗೆ ನೋಡಿ ಎದೆಯ ಮೇಲೆ ಶಿಲುಬೆ ಬರೆದುಕೊಂಡಳು. "ದೋನ್ ಲಾಯ್ಡ್, ನನಗೆ ಬಾಯೇ ಇಲ್ಲ ಅಂದ್ಕೊಳ್ಳಿ."

ಲಾಯ್ಡ್ ಹದಿನಾಲ್ಕು ಕೇಳಿದ. ಎಲ್ವಿರಾ ಮೆಟ್ಟಿಲು ಹತ್ತಿ ಇಳಿದಳು: ಹನ್ನೊಂದು. ಹದಿಮೂರು ಎಂದ. ಮತ್ತೆ ಹತ್ತಿ ಇಳಿದು, ಲಾಯ್ಡ್‌ನ ಖರ್ಚಿನಲ್ಲಿ ತಣ್ಣನೆ ಸೋಡಾ ಕುಡಿದು ಹೇಳಿದಳು: "ಹನ್ನೊಂದೂವರೆ. 'ಇಂಥ ಜುಗ್ಗನ್ನ ಮನೇಲೇ ಕಟ್ಕೊಂಡು ಏಗ್ತಿದೀನಿ, ನನಗೆ ಹೊಸದಲ್ಲ' ಅಂದ್ಲು."

"ಪಾಪ, ಅವಳ ಗಂಡ!" ಎಂದ ಲಾಯ್ಡ್ ಮನಸಾರೆ.

ಐದೂವರೆಯ ಹೊತ್ತಿಗೆ, ನಾಲ್ಕು ಸೋಡಾ ಖರ್ಚಾದ ಮೇಲೆ, ಡಾಲರಿಗೆ ಹನ್ನೆರಡು ಪೆಸೊ ಎಂದು ಮಾತು ಮುಗಿಯಿತು. ಲಾಯ್ಡ್ ಪೆಸೊ ತೆಗೆದುಕೊಂಡು ಚೌಕಕ್ಕೆ ಓಡಿ, ಹಾಡುವವರು ಬರುತ್ತಲೇ ಅವರ ಕೈಗಿಟ್ಟ.

ಮರ್ನಾ ಆರರ ಹೊತ್ತಿಗೆ ಬಂದು ಎಂದಿನ ಬೆಂಚಿನಲ್ಲಿ ಸಪ್ಪಗೆ ಕೂತಳು. ಮೂವರು ಮುದುಕರು ಬಂದು ಎದುರು ನಿಂತರು. ಮರ್ನಾ ಪಕ್ಕಕ್ಕೆ ಸರಿದು ಕೂತಳು, ಬೇರೆ ಯಾರಿಗೋ ಇರಬೇಕೆಂದು. ಹಾಡಿನಲ್ಲಿ ತನ್ನ ಹೆಸರು ಬಂದಾಗ ಗಂಡನ ಮುಖ ನೋಡಿದಳು. ಆಮೇಲೆ ಐದು ಹಾಡು ಮುಗಿಯುವವರೆಗೂ ಅತ್ತಳು.

"ಇಷ್ಟು ಪೆಸೊ ಎಲ್ಲಿತ್ತು ನಿನ್ನ ಹತ್ರ?"

"ನಮ್ಮ ಕಟ್ಟಡದಲ್ಲೇ ಯಾರೋ ಒಬ್ಬ ಹೆಂಗಸು. ಮಹಾ ಗಟ್ಟಿಗಿತ್ತಿ! ಹನ್ನೆರಡರ ಮೇಲೆ ಒಂದು ಕಾಸು ಬಿಡ್ಲಿಲ್ಲ."

ಕಣ್ಣು ಒರೆಸುತ್ತಿದ್ದ ಮರ್ನಾಳ ಕೈ ಅಲ್ಲೇ ನಿಂತಿತು. ನಿಧಾನವಾಗಿ ಚೀಲ ತೆರೆದು ನೂರು ಡಾಲರು ಹೊರತೆಗೆದಳು. "ಆ ಜುಗ್ಗ ನೀನಾ?"

ಲಾಯ್ಡ್ ನೋಟು ತಿರುಗಿಸಿ ನೋಡಿದ: ಬೆಳಿಗ್ಗೆ ತನ್ನ ಜೇಬಿನಲ್ಲಿದ್ದದ್ದೇ.

"ನಾಲ್ಕು ವರ್ಷ ತರಕಾರಿ ದುಡ್ಡಲ್ಲಿ ಉಳಿಸಿದ್ದೆ," ಎಂದಳು ಮರ್ನಾ. "ಒಂದಿನ ನಾನೇ ನನ್ನ ಹೆಸರಲ್ಲಿ ಹಾಡಿಸ್ಕೋಬೇಕು ಅಂತ. ಇವತ್ತು ಬೆಳಿಗ್ಗೆ ನೀನು ಒಂದು ಮಾತೂ ಆಡದೆ ಹೋದೆ. ಸಾಕು ಅನ್ನಿಸ್ತು. ಊರಿಗೆ ಹೋಗಿ ಚಳಿಗೆ ಒಂದು ಕೋಟಾದ್ರೂ ತಗೊಳ್ಳೋಣ ಅಂತ ಡಾಲರ್ ಮಾಡಿಸ್ಕೊಂಡೆ."

ಲಾಯ್ಡ್‌ಗೆ ನಾಚಿಕೆಯಾಯಿತು. ನಲವತ್ತು ವರ್ಷಕ್ಕೆ ಒಮ್ಮೆ ಕೊಟ್ಟ ಉಡುಗೊರೆಯೂ ಅವಳ ದುಡ್ಡಿನದೇ. ಅವಳ ಕೈ ಹಿಡಿದುಕೊಂಡ.

ಹಿರಿಯ ಹಾಡುಗಾರ ಬಗ್ಗಿ ನೋಟು ನೋಡಿದ. "ಕೆನಡಾ ಡಾಲರಾ? ಮಾರ್ತೀರಾ? ಹದಿನಾಲ್ಕಕ್ಕೆ ತಗೋತೀನಿ. ಮುಂದಿನ ತಿಂಗಳು ಮಗ ನಿಮ್ಮ ದೇಶಕ್ಕೇ ತೋಟದ ಕೆಲಸಕ್ಕೆ ಹೋಗ್ತಾನೆ."

"ನೀವು ಡಾಲರ್ ಮುಟ್ಟಲ್ವಂತಲ್ಲಾ!" ಲಾಯ್ಡ್‌ನ ದನಿ ಕೀರಲಾಯಿತು.

"ಯಾರಂದ್ರು? ನಮ್ಮನ್ನ ಯಾರೂ ಕೇಳ್ಲೇ ಇಲ್ಲ."

ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತಾಗಿತ್ತು. ಮರ್ನಾ ನಕ್ಕಳು, ಬೆಂಚು ಅಲುಗಾಡುವಷ್ಟು ನಕ್ಕಳು, ಆಮೇಲೆ ಆ ನೂರು ಡಾಲರನ್ನೂ ಮುದುಕನ ಕೈಗಿಟ್ಟಳು.

"ಎಷ್ಟು ಹಾಡು ಬರುತ್ತೋ ಹಾಡಿ. ಈ ಸಲ ಇವನ ಹೆಸರಲ್ಲಿ."

"ಮರ್ನಾ, ಕೋಟು?" ಲಾಯ್ಡ್ ಅಂಗಲಾಚಿದ.

"ಸುಮ್ನೆ ಕೂತ್ಕೊಂಡು ಕೇಳು," ಎಂದಳು ಮರ್ನಾ.