ಮಾವನ ಎಂಜಿನ್ನೂ ಸಾಹೇಬರ ಬಣ್ಣವೂ

ಯಾವುದಾದರೊಂದು ವಸ್ತುವನ್ನು ಉಳಿಸಬೇಕೆಂದು ನಾಲ್ಕು ಜನ ಕೂಡಿ ತೀರ್ಮಾನಿಸಿದರೆ ನನಗೆ ಈಗೀಗ ಎದೆ ಧಸಕ್ಕೆನ್ನುತ್ತದೆ. ಹಾಳು ಮಾಡಲು ಬಂದವರ ಕೈಯಿಂದ ಒಂದು ವಸ್ತು ಹೇಗೋ ತಪ್ಪಿಸಿಕೊಂಡೀತು. ಉಳಿಸಲು ನಿಂತವರ ಕೈಯಿಂದ ತಪ್ಪಿಸಿಕೊಳ್ಳುವುದು ಕಷ್ಟ. ನಮ್ಮ ಮನೆಯಲ್ಲೇ ಅಜ್ಜಿಯ ಒಂದು ಇಳಕಲ್ ಸೀರೆಯಿತ್ತು. ಅದು ಉಳಿಯಲೆಂದು ಅವ್ವ ನುಸಿಗುಳಿಗೆ ಹಾಕಿ ಟ್ರಂಕಿನ ತಳದಲ್ಲಿಟ್ಟಳು. ಯಾರಿಗೂ ಉಡಲು ಕೊಡಲಿಲ್ಲ. ಒಂದು ಪಂಚಮಿಗೆ ತೆಗೆದು ಬಿಚ್ಚಿದರೆ ಮಡಿಕೆ ಮಡಿಕೆಯಲ್ಲೂ ಸೀಳಿತ್ತು. ಅಜ್ಜಿ ಉಟ್ಟು ಸವೆಸಿದ ಸೀರೆಗಳು ಮಾತ್ರ ಕೌದಿಯಾಗಿ ಇಂದಿಗೂ ನಮ್ಮನ್ನು ಚಳಿಯಿಂದ ಕಾಯುತ್ತಿವೆ. ಇದನ್ನು ನಾನು ಅಂದೇ ದಿನಚರಿಯಲ್ಲಿ ಬರೆದುಕೊಂಡೆ. ಆದರೆ ಅದರಿಂದ ಏನನ್ನೂ ಕಲಿಯಲಿಲ್ಲ. ದಿನಚರಿ ಬರೆಯುವವರ ಹಣೆಬರಹವೇ ಅಷ್ಟು. ಬುದ್ಧಿ ಬಂದ ತಾರೀಖು ಗೊತ್ತಿರುತ್ತದೆ, ಬುದ್ಧಿ ಎಲ್ಲಿ ಹೋಯಿತೆಂಬುದು ಗೊತ್ತಿರುವುದಿಲ್ಲ.

ನನಗೆ ಈ ಚಟ ಶಾಲೆಯ ದಿನಗಳಿಂದಲೂ ಇದೆ. ಸೈಕಲ್ ಪಂಕ್ಚರ್ ಆದದ್ದು, ಅತ್ತೆ ಚಹಕ್ಕೆ ಸಕ್ಕರೆ ಮರೆತದ್ದು, ಹೊಂಬಳದ ಬಸ್ಸು ಹೊತ್ತಿಗೆ ಸರಿಯಾಗಿ ಬಂದದ್ದು, ಎಲ್ಲಕ್ಕೂ ಬೇರೆ ಬೇರೆ ಪುಟ, ಬೇರೆ ಬೇರೆ ಗೀಟು. ಕೊನೆಯದರ ಪುಟ ಬಹಳ ಸ್ವಚ್ಛವಾಗಿದೆ. ಗದಗಿನ ರೈಲ್ವೆ ಶೆಡ್ಡಿನ ಕಚೇರಿಯಲ್ಲಿ ನನಗೆ ಗುಮಾಸ್ತಿಕೆ ಸಿಕ್ಕಿದ್ದು ಈ ಗೀಟು ಎಳೆಯುವ ಗುಣದಿಂದಲೇ ಎಂದು ನನ್ನ ನಂಬಿಕೆ. ಸೋದರಮಾವನ ವಶೀಲಿಯಿಂದ ಎಂದು ಉಳಿದೆಲ್ಲರ ನಂಬಿಕೆ.

ಮಾವ ಎಂದರೆ ನನ್ನ ಅವ್ವನ ಅಣ್ಣ ಈರಪ್ಪ. ಬೆಟಗೇರಿಯ ನೇಕಾರರ ಮನೆಯಲ್ಲಿ ಹುಟ್ಟಿ, ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂರುವುದು ಬೇಸರವಾಗಿ, ಎಂಜಿನ್ನಿಗೆ ಕಲ್ಲಿದ್ದಲು ತುಂಬುವ ಕೆಲಸಕ್ಕೆ ಸೇರಿ ಡ್ರೈವರ್ ಆಗಿ ನಿವೃತ್ತನಾದವನು. ನಮ್ಮ ಮನೆಯಲ್ಲಿ ಮಗ್ಗಗಳು ಬಿಟ್ಟುಕೊಟ್ಟ ಜಾಗದಲ್ಲಿ ಮನುಷ್ಯರು ಮಲಗುತ್ತಿದ್ದರಾದ್ದರಿಂದ, ಮಕ್ಕಳಿಲ್ಲದ ಮಾವ ನನ್ನನ್ನು ಸ್ಟೇಷನ್ ಹತ್ತಿರದ ತನ್ನ ಮನೆಯಲ್ಲಿ ಇಟ್ಟುಕೊಂಡಿದ್ದ. ಡೀಸೆಲ್ ಬಂದ ಮೇಲೆ ಅವನ ಉಗಿ ಎಂಜಿನ್ನೂ ಶೆಡ್ಡಿನ ಹಿಂದೆ, ಜಾಲಿ ಬೆಳೆದ ಹಳಿಯ ಮೇಲೆ ತನ್ನಂಥದೇ ಇನ್ನೊಂದರ ಜೊತೆಗೆ ನಿಂತುಬಿಟ್ಟಿತು. ಮಾವ ಪ್ರತಿ ರವಿವಾರ ಬೆಳಿಗ್ಗೆ ಉದ್ದ ಮೂತಿಯ ಎಣ್ಣೆ ಡಬ್ಬಿ ಹಿಡಿದು ಅಲ್ಲಿಗೆ ಹೋಗುತ್ತಿದ್ದ. ನನ್ನ ಅಪ್ಪನ ಮಗ್ಗದ ಹಾಳು ನೂಲಿನಿಂದ ಒರೆಸಿ, ಗಾಲಿಗಳನ್ನು ಜೋಡಿಸುವ ಉಕ್ಕಿನ ದಂಡಕ್ಕೆ, ಕೀಲುಗಳಿಗೆ, ಅಚ್ಚುಗಳಿಗೆ ಎಣ್ಣೆ ಬಿಟ್ಟು ಬರುತ್ತಿದ್ದ. ಬಂದವನು ಅದೇ ಕೈಯಲ್ಲಿ ರೊಟ್ಟಿ ಮುಟ್ಟುತ್ತಿದ್ದುದರಿಂದ ಅತ್ತೆ ಆ ದಿನ ಅವನಿಗೆ ಬೇರೆ ಬುಟ್ಟಿ ಇಡುತ್ತಿದ್ದಳು.

ಹೀಗಿರುವಾಗ ಮೇಲಿನಿಂದ ಹುಕುಂ ಬಂತು. ಹಳೆಯ ಎಂಜಿನ್ನೊಂದನ್ನು ಸ್ಟೇಷನ್ ಎದುರಿಗೆ ಕಟ್ಟೆಯ ಮೇಲೆ ನಿಲ್ಲಿಸಿ, ಪಕ್ಕದ ತಗಡಿನ ಶೆಡ್ಡಿನಲ್ಲಿ ಕಂದೀಲು, ಗಂಟೆ, ಹಸಿರು ಬಾವುಟಗಳನ್ನಿಟ್ಟು ಅದಕ್ಕೆ ರೈಲ್ವೆ ಮ್ಯೂಸಿಯಂ ಎಂದು ಹೆಸರಿಡಬೇಕು. ಸಾಹೇಬರು ಬಂದು ನೋಡುತ್ತಾರೆ. ಅವರ ಮನಸ್ಸಿಗೆ ಬಂದರೆ ಉಳಿಯಿತು, ಬರದಿದ್ದರೆ ಗುಜರಿಗೆ. ಎರಡರಲ್ಲಿ ಮಾವನ ಎಂಜಿನ್ನೇ ಆಯ್ಕೆಯಾಯಿತು. ಕಾರಣ ಸರಳ: ಎಣ್ಣೆ ಕಂಡ ಅದರ ಗಾಲಿಗಳು ತಿರುಗಿದವು, ಇನ್ನೊಂದರವು ತುಕ್ಕು ಹಿಡಿದು ಜಗ್ಗಿದರೂ ಬರಲಿಲ್ಲ. ತಿರುಗಿದ್ದನ್ನು ಎಳೆದು ತಂದು ಕಟ್ಟೆಯ ಮೇಲೆ ನಿಲ್ಲಿಸಿದರು, ಬಾರದ್ದನ್ನು ನಿಂತಲ್ಲೇ ಗ್ಯಾಸಿನಿಂದ ಕತ್ತರಿಸತೊಡಗಿದರು. ನನ್ನ ಅಕ್ಷರ ದುಂಡಗಿದೆಯೆಂದು ಫಲಕಗಳನ್ನು ಬರೆಯುವ ಕೆಲಸ ನನಗೆ ಬಂತು. ಆ ದಿನ ಮಾವ ಓಣಿಯಲ್ಲೆಲ್ಲ ಪೇಢೆ ಹಂಚಿದ. ಮದುವೆಯ ಮನೆಯಲ್ಲಿ ಹೆಣ್ಣಿನ ಕಡೆಯವರು ನಗುವ ಹಾಗೆ, ಸ್ವಲ್ಪ ಕಣ್ಣು ಒದ್ದೆ ಮಾಡಿಕೊಂಡು ನಕ್ಕ.

ಬಣ್ಣ ಹಚ್ಚಲು ಲಕ್ಷ್ಮೇಶ್ವರದಿಂದ ಪೇಂಟರ್ ಮೌಲಾಸಾಬ ಬಂದ. ಲಾರಿಗಳ ಹಿಂದೆ ನವಿಲು ಬಿಡಿಸುವುದರಲ್ಲಿ ಹೆಸರು ಮಾಡಿದವನು. ಎಂಜಿನ್ನಿನ ಮೇಲೂ ಒಂದು ನವಿಲು ಬಿಡಿಸುತ್ತೇನೆಂದು ಹಟ ಹಿಡಿದಿದ್ದವನನ್ನು ಸಮಾಧಾನ ಮಾಡುವುದರಲ್ಲೇ ನನ್ನ ಎರಡು ಸಂಜೆ ಹೋದವು. ಅವನು ಬಾಯ್ಲರಿಗೆ ಕರಿ ಬಣ್ಣ, ಗಾಲಿ ಮತ್ತು ದಂಡಕ್ಕೆ ಕೆಂಪು ಬಣ್ಣ ಹಚ್ಚಿ, ಬೀಡಿ ಸೇದುತ್ತ ದೂರದಿಂದ ನೋಡಿ ಖುಷಿಪಟ್ಟು ಹೋದ. ಮರುದಿನ ಬಂದು ನೋಡಿದರೆ ಕರಿದು ನೆಟ್ಟಗಿದೆ, ಕೆಂಪು ಮಾತ್ರ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿ ಜೋತುಬಿದ್ದಿದೆ. ಕೆರೆದು ಮತ್ತೆ ಹಚ್ಚಿದ. ಮತ್ತೆ ಜೋತುಬಿತ್ತು.

"ಗುಮಾಸ್ತರ, ಇದಕ್ಕ ಯಾವುದೋ ದೆವ್ವ ಹೊಕ್ಕೈತ್ರಿ," ಎಂದ ಮೌಲಾಸಾಬ.

ದೆವ್ವವನ್ನು ಹುಡುಕಲು ದೂರ ಹೋಗಬೇಕಾಗಲಿಲ್ಲ. ನಸುಕಿನಲ್ಲಿ ಹಾಲು ತರಲು ಹೋದವನಿಗೆ ಗಾಲಿಯ ಸಂದಿಯಿಂದ ಎರಡು ಕಾಲು ಹೊರಗೆ ಚಾಚಿದ್ದು ಕಂಡಿತು. ಕಾಲಿನ ಚಪ್ಪಲಿ ನಮ್ಮ ಮನೆಯದು.

"ಮಾವಾ, ಏನ್ ಮಾಡಾಕ್ಹತ್ತೀರಿ?"

"ಕಣ್ಣಿಲ್ಲೇನು? ಎಣ್ಣಿ ಬಿಡಾಕ್ಹತ್ತೀನಿ. ಆ ಪೇಂಟರ ಕೀಲಿನ್ಯಾಗೆಲ್ಲ ಬಣ್ಣ ತುಂಬ್ಯಾನ. ಎಂಜಿನ್ ಉಸರ ಹೆಂಗ ಆಡಬೇಕು?"

"ಎಣ್ಣಿ ಮ್ಯಾಲೆ ಬಣ್ಣ ನಿಂದರೂದಿಲ್ಲರಿ. ಇನ್ನ ಅದು ಎಲ್ಲಿಗೂ ಓಡೂದಿಲ್ಲ."

ಮಾವ ಹೊರಗೆ ತೆವಳಿ ಬಂದು ಕುಳಿತ. "ಓಡೂದಿಲ್ಲಂದ್ರ ಎಣ್ಣಿ ಬ್ಯಾಡೇನು? ನಿಮ್ಮ ಅತ್ತಿ ಈಗ ಎಲ್ಲಿಗೆ ಓಡತಾಳ? ತಲಿಗೆ ಎಣ್ಣಿ ಹಚ್ಚಿಕೊಳ್ಳೂದು ಬಿಟ್ಟಾಳೇನು?"

ನಾನು ಹಾಲಿನ ತಂಬಿಗೆ ಎತ್ತಿಕೊಂಡು ಹೊರಟೆ.

ಆ ವಾರವೆಲ್ಲ ನಮ್ಮ ಮನೆ ಸೆರೆಮನೆಯಾಯಿತು. ಸಾಹೇಬರ ಬರವಿನ ದಿನ ಹತ್ತಿರವಾಗುತ್ತಿತ್ತು. ಶೆಡ್ಡಿನ ಫೋರ್‌ಮನ್ನರು ನನ್ನನ್ನು ಕರೆದು, "ನಿಮ್ಮ ಮಾವಗ ತಿಳಿಸಿ ಹೇಳ್ರಿ. ಸಾಹೇಬರು ಬಂದಾಗ ಎಂಜಿನ್ ಹುಣ್ಣಾದ ಎಮ್ಮಿ ಕಂಡಂಗ ಕಂಡ್ರ, ನಾ ಏನೂ ಮಾಡಾಕ ಬರೂದಿಲ್ಲ," ಎಂದಿದ್ದರು. ನಾನೂ ಅತ್ತೆಯೂ ಸೇರಿ ಸಂಚು ಹೂಡಿದೆವು. ಹಿರೇವಡ್ಡಟ್ಟಿಯಲ್ಲಿ ಅತ್ತೆಯ ತಂಗಿಯ ಮನೆಯಲ್ಲಿ ಸೀಮಂತವಿದೆಯೆಂದು ಮಾವನನ್ನು ಮುಂಡರಗಿ ಬಸ್ಸಿಗೆ ಹತ್ತಿಸಿದೆವು. ಸೀಮಂತವಿದ್ದದ್ದು ನಿಜ. ಗಂಡಸರಿಗೆ ಅಲ್ಲಿ ಏನು ಕೆಲಸವೆಂದು ಆ ಮನೆಯವರೇ ಕೇಳಿದರಂತೆ. ಮಾವ ಹೋಳಿಗೆ ಉಂಡು, ಶೇಂಗಾ ಹೇರಿದ ಟ್ರಾಕ್ಟರ್ ಹತ್ತಿ ಅದೇ ಸಂಜೆ ಗದಗಿನಲ್ಲಿ ಇಳಿದ. ಆಗ ಎಣ್ಣೆ ಡಬ್ಬಿಯನ್ನೇ ನನ್ನ ಟ್ರಂಕಿನಲ್ಲಿಟ್ಟು ಕೀಲಿ ಹಾಕಿದೆ. ಗೆದ್ದೆನೆಂದು ದಿನಚರಿಯಲ್ಲಿ ಒಂದು ಗೀಟನ್ನೂ ಎಳೆದೆ.

ಮರುದಿನ ಮೌಲಾಸಾಬ ಕಚೇರಿಯ ಕಿಟಕಿಗೆ ಬಂದು ನಿಂತ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಒಂದು ಬಗೆಯ ವೈರಾಗ್ಯವಿತ್ತು.

"ಬರ್ರಿ ಗುಮಾಸ್ತರ. ನಿಮ್ಮ ಎಂಜಿನ್ನ ನಾಯಿ ನೆಕ್ಕಾಕ್ಹತ್ತಾವ."

ಹೋಗಿ ನೋಡಿದೆ. ಖರೆ ಹೇಳಿದ್ದ. ಎರಡು ನಾಯಿಗಳು ಉಕ್ಕಿನ ದಂಡವನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಶ್ರದ್ಧೆಯಿಂದ ನೆಕ್ಕುತ್ತಿದ್ದವು. ಅಚ್ಚಿನ ಸುತ್ತ ಕೆಂಪಿರುವೆಗಳ ಸಾಲು. ಇಡೀ ಎಂಜಿನ್ನು ಸಂಜೆಯ ಮಿರ್ಚಿ ಭಜಿ ಅಂಗಡಿಯ ಹಾಗೆ ಘಮಘಮಿಸುತ್ತಿತ್ತು. ಮನೆಗೆ ಓಡಿ ಬಂದರೆ ಅತ್ತೆ ಒಲೆಯ ಮುಂದೆ ಖಾಲಿ ಬಾಟಲಿ ಹಿಡಿದು ಕುಳಿತಿದ್ದಳು.

"ತಿಂಗಳ ಪೂರ್ತಿ ಬರೋ ಕುಸುಬಿ ಎಣ್ಣಿ," ಎಂದಳು. "ಕಟ್ಟಿಕೊಂಡಾಗಿಂದ ನನಗೊಂದು ಭಜಿ ಕರದು ಕೊಟ್ಟವರಲ್ಲ. ಕಬ್ಬಿಣಕ್ಕ ಒಗ್ಗರಣಿ ಹಾಕಿ ಬಂದಾರ."

ನಗು ಬಂತು. ಆದರೆ ಸಾಹೇಬರು ಬರಲು ಇನ್ನು ನಾಲ್ಕೇ ದಿನವಿತ್ತು. ಮಧ್ಯಾಹ್ನ ಮಾವನನ್ನು ಕರೆದುಕೊಂಡು ಶೆಡ್ಡಿನ ಹಿಂದಕ್ಕೆ ಹೋದೆ. ಅಲ್ಲಿ ಇನ್ನೊಂದು ಎಂಜಿನ್ನು ಆಗಲೇ ಅರ್ಧವಾಗಿತ್ತು. ಗಾಲಿಗಳನ್ನು ಒಂದು ಕಡೆ ಮಲಗಿಸಿದ್ದರು. ಬಾಯ್ಲರಿನ ತುಂಡುಗಳನ್ನು ತೂಕಕ್ಕೆಂದು ಒಟ್ಟಿದ್ದರು. ಗ್ಯಾಸಿನ ನೀಲಿ ಉರಿ ಉಕ್ಕಿನೊಳಗೆ ಇಳಿಯುವುದನ್ನು ಮಾವ ಬಹಳ ಹೊತ್ತು ನೋಡಿದ.

"ಇದರ ಮ್ಯಾಲೆ ಡ್ರೈವರ ಪರಸಪ್ಪ ಇದ್ದ," ಎಂದ ಕೊನೆಗೆ. "ಹೋದ ವರ್ಷ ತೀರಿಕೊಂಡ. ಚಲೋ ಆತು ಬಿಡು."

"ಮಾವಾ, ಬಣ್ಣ ನಿಂದರಲಿಲ್ಲಂದ್ರ ನಿಮ್ಮದಕ್ಕೂ ಇದ ಗತಿ."

"ಎಣ್ಣಿ ಬಿಟ್ರ ಕತ್ತರಸ್ತಾರ?"

"ಹೌದ್ರಿ."

"ಬಿಡದಿದ್ರ ತುಕ್ಕ ಹಿಡೀತೈತಿ."

"ಮ್ಯಾಲೆ ಬಣ್ಣ ಇರ್ತೈತಲ್ಲರಿ. ತುಕ್ಕ ಕಾಣೂದಿಲ್ಲ."

ಮಾವ ನನ್ನ ಮುಖವನ್ನೊಮ್ಮೆ ನೋಡಿದ. ಆ ನೋಟ ನನಗೆ ಇನ್ನೂ ಸರಿಯಾಗಿ ಅರ್ಥವಾಗಿಲ್ಲ. ಸಿಟ್ಟಿನದಂತೂ ಅಲ್ಲ. ಜ್ವರ ಬಂದ ಮಗುವಿಗೆ ಅನ್ನ ಕೊಡಬೇಡವೆಂದು ಡಾಕ್ಟರರು ಹೇಳಿದಾಗ ತಾಯಿ ಹೀಗೆ ನೋಡುತ್ತಾಳೇನೋ. "ಆತು. ಇನ್ನ ಮುಟ್ಟೂದಿಲ್ಲ ತಗೋ," ಎಂದು ಹೆಗಲ ಮೇಲಿನ ನೂಲಿನ ಚಿಂದಿಯನ್ನು ನನ್ನ ಕೈಗೆ ಕೊಟ್ಟು ಮನೆಯ ಕಡೆ ನಡೆದ.

ಮೌಲಾಸಾಬ ಬಟ್ಟೆ ಒಗೆಯುವ ಸೋಡಾದ ನೀರಿನಿಂದ ಎಂಜಿನ್ನನ್ನು ಬಾಣಂತಿಗೆ ಎರೆದ ಹಾಗೆ ಎರೆದು, ಒರೆಸಿ, ಒಣಗಿಸಿ ಬಣ್ಣ ಹಚ್ಚಿದ. ಈ ಸಲ ಬಣ್ಣ ನಿಂತಿತು. ಕೀಲು, ಸಂದಿ, ಎಣ್ಣೆ ಬಿಡುವ ತೂತು, ಎಲ್ಲವೂ ಬಣ್ಣದಡಿ ಒಂದಾದವು. ಯಾರೂ ಸೀಟಿ ಊದಬಾರದೆಂದು ಅದನ್ನು ವೆಲ್ಡಿಂಗ್ ಮಾಡಿದರು, ಒಳಗೆ ಗುಬ್ಬಿ ಗೂಡು ಕಟ್ಟಬಾರದೆಂದು ಹೊಗೆಕೊಳವೆಗೆ ಸಿಮೆಂಟು ತುಂಬಿದರು. ನಾನು ನನ್ನ ದುಂಡನೆಯ ಅಕ್ಷರದಲ್ಲಿ ಫಲಕ ಬರೆದೆ: "ಇದು ನಮ್ಮ ಹೆಮ್ಮೆಯ ಆಸ್ತಿ. ದಯವಿಟ್ಟು ಮುಟ್ಟಬಾರದು."

ಸಾಹೇಬರು ಬಂದರು. ರಿಬ್ಬನ್ ಕತ್ತರಿಸಿದರು. "ಹೊಸದರಂತೆ ಇದೆ," ಎಂದರು. ಫೋರ್‌ಮನ್ನರ ಉಸಿರು ಮರಳಿತು. ಎಂಜಿನ್ನು ಉಳಿಯಿತು. ಹಿಂದಿನ ಸಾಲಿನ ಕುರ್ಚಿಯಲ್ಲಿ ಬಿಳಿ ಧೋತರ, ಕರಿ ಟೊಪ್ಪಿಗೆಯಲ್ಲಿ ಕುಳಿತಿದ್ದ ಮಾವನಿಗೂ ಒಂದು ಹಾರ ಬಿತ್ತು. ಜನ ಕರಗಿದ ಮೇಲೆ ಅವನು ಎದ್ದು ಹೋಗಿ ದಂಡದ ಮೇಲೆ ಒಂದು ಬೆರಳು ಎಳೆದ. ಬೆರಳನ್ನು ಕಣ್ಣ ಹತ್ತಿರ ಹಿಡಿದು ನೋಡಿದ.

"ಪೂರಾ ಒಣಗೈತಿ," ಎಂದ.

"ಒಣಗಬೇಕಲ್ರಿ ಮತ್ತ," ಎಂದು ಮೌಲಾಸಾಬ ಹಿಗ್ಗಿದ. ತನ್ನ ಕೆಲಸವನ್ನು ಹೊಗಳಿದರೆಂದೇ ಅವನು ತಿಳಿದ.

ಅಲ್ಲಿಂದ ಮುಂದೆ ಮಾವ ಸ್ಟೇಷನ್ ಕಡೆ ಹೋಗಲೇ ಇಲ್ಲ. ತರಕಾರಿಗೂ ಸುತ್ತು ಹಾಕಿಕೊಂಡು ಬೇರೆ ದಾರಿಯಿಂದ ಹೋಗುತ್ತಿದ್ದ. ಆಮೇಲೆ ಮೊಣಕಾಲು ಹಿಡಿದುಕೊಂಡು ಅದೂ ನಿಂತಿತು. ಡಾಕ್ಟರರು ಉಪ್ಪು ಬೇಡ, ಎಣ್ಣೆ ಬೇಡ, ಮೆಟ್ಟಿಲು ಬೇಡ ಎಂದರು. ನಾವು ಅವನಿಗೆ ಬಿಳಿ ಅಂಗಿ ತೊಡಿಸಿ ಪಡಸಾಲೆಯ ಆರಾಮಕುರ್ಚಿಯಲ್ಲಿ ಕೂರಿಸಿದೆವು. ಬಂದವರೆಲ್ಲ ನೋಡಿ, "ಇನ್ನೂ ಗಟ್ಟಿಮುಟ್ಟ ಅದಾರಲ್ಲ," ಎಂದು ಹೇಳಿ ಚಹ ಕುಡಿದು ಹೋಗುತ್ತಾರೆ.

ಈಗ ಕೆಲವು ತಿಂಗಳ ಹಿಂದೆ, ಒಂದು ರವಿವಾರ ಬೆಳಿಗ್ಗೆ ಮಾವ ನನ್ನನ್ನು ಹತ್ತಿರ ಕರೆದ. ಈಚೆಗೆ ಅವನಿಗೆ ಕೆಲವು ಸಂಗತಿ ನೆನಪಿರುತ್ತವೆ, ಕೆಲವು ಇರುವುದಿಲ್ಲ. "ಲೇ ತಮ್ಮಾ, ಇವತ್ತ ರವಿವಾರ. ನನಗ ಏಳಾಕ ಆಗವಲ್ದು. ಎಂಜಿನ್ನಿಗೆ ಎಣ್ಣಿ ಬಿಟ್ಟ ಬಾ," ಎಂದ. ಅತ್ತೆ ನನ್ನ ಮುಖ ನೋಡಿದಳು. ನಾನು ಟ್ರಂಕು ತೆಗೆದು ಡಬ್ಬಿ ಹೊರತೆಗೆದೆ.

ಎಂಜಿನ್ನಿನ ಬಣ್ಣ ಇನ್ನೂ ಚೆನ್ನಾಗಿಯೇ ಇತ್ತು. ಕೀಲುಗಳ ಹತ್ತಿರ ಮಾತ್ರ ಅದು ಉಬ್ಬಿ, ಉಬ್ಬಿದಲ್ಲಿ ಒಡೆದು, ಒಳಗಿನಿಂದ ಕಂದು ನೀರು ಇಳಿದ ಗುರುತಿತ್ತು. ಅಂಥ ಒಂದು ಬಿರುಕಿಗೆ ಡಬ್ಬಿಯ ಮೂತಿ ಹಿಡಿದೆನಷ್ಟೇ, ಹಿಂದಿನಿಂದ ಸೀಟಿ ಕೇಳಿಸಿತು. ಶಿರಹಟ್ಟಿ ಕಡೆಯಿಂದ ಹೊಸದಾಗಿ ಬಂದ ಕಾವಲುಗಾರ. ನನ್ನ ಗುರುತು ಅವನಿಗಿರಲಿಲ್ಲ.

"ಏ ಯಪ್ಪಾ, ಏನ್ ಹಚ್ಚಾಕ್ಹತ್ತಿ? ನೋಡಿದ್ರ ಓದಿದವ ಕಂಡಂಗ ಕಾಣ್ತಿ, ಬೋರ್ಡ ಓದಾಕ ಬರೂದಿಲ್ಲೇನು?"

ನಾನು ಓದಿದೆ. ಅಕ್ಷರ ದುಂಡಗಿದ್ದವು. ಎಲ್ಲೂ ಒಂದು ತಪ್ಪಿರಲಿಲ್ಲ.

ಮನೆಗೆ ಬಂದಾಗ ಮಾವ ನನ್ನ ಬಲಗೈ ಹಿಡಿದು ಮೂಗಿನ ಹತ್ತಿರ ಒಯ್ದ. ಹಳೆಯ ಡಬ್ಬಿ, ದಾರಿಯುದ್ದಕ್ಕೂ ಸೋರಿ ಬೆರಳೆಲ್ಲ ಎಣ್ಣೆಯಾಗಿತ್ತು. "ಆತು," ಎಂದು ಕಣ್ಣು ಮುಚ್ಚಿದ. ಬಹಳ ದಿನಗಳ ಮೇಲೆ ಅಂದು ಮಧ್ಯಾಹ್ನ ಅವನು ಗೊರಕೆ ಹೊಡೆದ.

ಅಂದಿನಿಂದ ಪ್ರತಿ ರವಿವಾರ ಡಬ್ಬಿ ಹಿಡಿದು ಹೊರಡುತ್ತೇನೆ. ಸ್ಟೇಷನ್ ಎದುರಿನ ಹೋಟೆಲಿನಲ್ಲಿ ಒಂದು ಚಹ ಕುಡಿದು, ದೂರದಿಂದ ಎಂಜಿನ್ನಿಗೆ ಒಂದು ನಮಸ್ಕಾರ ಮಾಡಿ, ಬೆರಳುಗಳಿಗೆ ಚೆನ್ನಾಗಿ ಎಣ್ಣೆ ಹಚ್ಚಿಕೊಂಡು ಮನೆಗೆ ಬರುತ್ತೇನೆ. ಅತ್ತೆ ಈಗ ನನಗೂ ಬೇರೆ ಬುಟ್ಟಿಯಲ್ಲಿ ರೊಟ್ಟಿ ಇಡುತ್ತಾಳೆ. ದಿನಚರಿಯಲ್ಲಿ ಇದಕ್ಕೊಂದು ಹೊಸ ಪುಟ ತೆರೆದಿದ್ದೇನೆ, ಒಂದು ರವಿವಾರವೂ ತಪ್ಪಿಲ್ಲ. ಎಂಜಿನ್ನಿನ ಒಳಗಿನ ಗತಿ ಏನೋ ನಾನರಿಯೆ. ಅದಕ್ಕೆ ಸಲ್ಲಬೇಕಾದ ಎಣ್ಣೆಯೆಲ್ಲ ನನಗೇ ಸಲ್ಲುತ್ತಿರುವುದರಿಂದ, ಗದಗಿನಲ್ಲಿ ತುಕ್ಕು ಹಿಡಿಯುವ ಭಯವಿಲ್ಲದ ಗುಮಾಸ್ತ ಸದ್ಯಕ್ಕೆ ನಾನೊಬ್ಬನೇ.