ಹೋಲ್ಡ್ ಮಾಡಿ

ಇಡೀ ಆಫೀಸಿಗೆ ಒಂದೇ ಫೋನು, ಅದೂ ಹೆಣಭಾರದ ಕರೀ ಫೋನು ಇದ್ದ ಕಾಲ. ಅದು ರಿಂಗಾದರೆ ಬಣ್ಣದ ಕಂಪನಿಯ ಆ ಪುಟ್ಟ ಶಾಖೆಯಲ್ಲಿ ಎಲ್ಲರೂ ಕೈಕೆಲಸ ಬಿಟ್ಟು ಅದರ ಕಡೆಗೇ ನೋಡುತ್ತಿದ್ದರು. ಆ ಬೆಳಿಗ್ಗೆ ಅದನ್ನು ಎತ್ತಿದವನು ಹಂಗಾಮಿ ಗುಮಾಸ್ತ.

"ಹೆಡ್ ಆಫೀಸಿಂದ. ನಿಮ್ಮ ಕೆಲಸ ಪರ್ಮನೆಂಟ್ ಮಾಡೋ ವಿಷ್ಯ, ಸಾಹೇಬ್ರು ಮಾತಾಡ್ತಾರಂತೆ. ಹೋಲ್ಡ್ ಮಾಡಿ," ಎಂದಿತು ಅವನ ಹೆಸರು ಕೇಳಿ ತಿಳಿದುಕೊಂಡ ಒಂದು ಹೆಣ್ಣುದನಿ.

ಗುಮಾಸ್ತ ರಿಸೀವರನ್ನು ಕಿವಿಗೆ ಒತ್ತಿಕೊಂಡ. ಕೆಲಸ ಕಾಯಂ ಆಗುವ ತನಕ ಅಕ್ಕನ ಮನೆಯ ನಡುಮನೆಯೇ ಅವನಿಗೆ ಗತಿ. ಆದರೆ ಇಂಗ್ಲಿಷು ಅಷ್ಟಕ್ಕಷ್ಟೇ. ರಿಸೀವರಿನ ಬಾಯಿಗೆ ಕೈ ಅಡ್ಡ ಹಿಡಿದು, "ಹೋಲ್ಡ್ ಅಂದ್ರೇನು?" ಎಂದು ಪಿಸುಗುಟ್ಟಿದ.

"ಹಿಡ್ಕೊಳ್ಳೋದು ಕಣಯ್ಯಾ," ಎಂದರು ಹೆಡ್ ಕ್ಲರ್ಕು. "ಗಟ್ಟಿಯಾಗಿ ಹಿಡ್ಕೋ. ಅದನ್ನ ಬಿಟ್ಟೆಯೋ, ಕೆಲಸಾನೂ ಬಿಟ್ಟ ಹಾಗೆ."

"ಬಸ್ಸಲ್ಲಿ ಕಂಡಕ್ಟ್ರು ಹೋಲ್ಡಾನ್ ಅಂದ್ರೆ ಗಾಡಿ ನಿಲ್ಲುತ್ತಲ್ಲ ಸ್ವಾಮಿ," ಎಂದ ಜವಾನ. "ನೀವೂ ನಿಂತ್ಕೊಳ್ಳಿ."

ಗುಮಾಸ್ತ ಎದ್ದು ನಿಂತ.

"ನಮ್ಮತ್ತೆಗೆ ಎಕ್ಸ್‌ರೇ ತೆಗೆಯುವಾಗ ಹೋಲ್ಡ್ ಅಂದಿದ್ರು," ಎಂದರು ಟೈಪಿಸ್ಟಮ್ಮ. "ಉಸಿರು ಬಿಗಿಹಿಡೀಬೇಕು."

ಎಲ್ಲಿ ತಪ್ಪುತ್ತದೋ ಎಂದು ಅದನ್ನೂ ಮಾಡಿದ. ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿದಾಗ ಟೈಪಿಸ್ಟಮ್ಮನೇ ಗಾಬರಿಯಾಗಿ ಬೆನ್ನಿಗೆ ಗುದ್ದಿ ಉಸಿರು ಬಿಡಿಸಿದರು.

ಈ ಗಲಾಟೆಯಲ್ಲಿ ಕಿವಿಯೊಳಗೆ ಟಕ್ ಎಂದಿತು, ಆಮೇಲೆ ಏನೋ ಗುಂಯ್‌ಗುಡತೊಡಗಿತು. ಸಾಹೇಬರ ಕೋಣೆಯ ಫ್ಯಾನಿರಬೇಕು ಅಂದುಕೊಂಡ.

ಮಧ್ಯಾಹ್ನವಾಯಿತು. ಜವಾನ ಗುಮಾಸ್ತನ ಡಬ್ಬಿ ಬಿಚ್ಚಿ ಅವನ ಬಾಯಿಗೆ ತುತ್ತಿಟ್ಟ. ತೋಳು ಸೋತಾಗ ಟೈಪಿಸ್ಟಮ್ಮ ಮೊಣಕೈ ಕೆಳಗೆ ಹಳೇ ಕಡತಗಳನ್ನು ಪೇರಿಸಿದರು. ಎದುರಂಗಡಿಯವನು, "ಒಂದೇ ಒಂದು ಕಾಲ್ ಮಾಡ್ಕೋತೀನಿ ಸಾರ್," ಎಂದು ಬಂದ. ಬಡಕಲು ಹೆಡ್ ಕ್ಲರ್ಕು ಪೈಲ್ವಾನನ ಹಾಗೆ ಬಾಗಿಲಿಗೆ ಅಡ್ಡ ನಿಂತು, "ಹುಡುಗನ ಜೀವನದ ಪ್ರಶ್ನೆ, ನಾಳೆ ಬಾರಪ್ಪ," ಎಂದು ಸಾಗಹಾಕಿದರು. ಒಬ್ಬನಿಗೆ ಒಳ್ಳೆಯದಾಗಲೆಂದು ಆಫೀಸಿಗೆ ಆಫೀಸೇ ಕೆಲಸ ಬಿಟ್ಟು ಕೂರುತ್ತಿದ್ದ ದಿನಗಳವು.

ಸಂಜೆ ಹೊರಗೆ ಸ್ಕೂಟರು ನಿಂತಿತು. ಹೆಡ್ ಆಫೀಸಿನ ಮೇಲ್ವಿಚಾರಕರು ಬೆವರೊರೆಸುತ್ತ ಒಳಗೆ ಬಂದರು.

"ಏನ್ರೀ ನಿಮ್ಮ ಫೋನು? ಬೆಳಿಗ್ಗೆ ಲೈನ್ ಕಟ್ ಆಯ್ತು, ಆವಾಗಿಂದ ಮಾಡ್ತಾನೇ ಇದೀವಿ, ಬರೀ ಎಂಗೇಜು. ಇದ್ದದ್ದು ಒಂದೇ ಪೋಸ್ಟು, ಇವತ್ತೇ ಮುಗಿಸ್ಬೇಕಿತ್ತು. ಇನ್ನೊಂದು ಬ್ರಾಂಚಿಗೆ ಮಾಡಿದ್ವಿ, ಒಂದೇ ರಿಂಗಿಗೆ ಎತ್ತಿದ್ರು. ಅಲ್ಲಿಯವರಿಗೇ ಕೊಟ್ಬಿಟ್ರು ಸಾಹೇಬ್ರು."

ರಿಸೀವರು ಇನ್ನೂ ಗುಮಾಸ್ತನ ಕಿವಿಯ ಬಳಿಯೇ ಇತ್ತು. "ಹಾಗಾದ್ರೆ ನಂದು, ಸಾರ್?"

"ನಿಮ್ಮದಾ? ಸದ್ಯಕ್ಕೆ ಹೋಲ್ಡಲ್ಲಿ ಇಟ್ಟಿದ್ದಾರೆ."

ಆ ಹೋಲ್ಡಿನ ಅರ್ಥವನ್ನು ಅವನು ಯಾರನ್ನೂ ಕೇಳಲಿಲ್ಲ. ಹೆಡ್ ಕ್ಲರ್ಕು ಹತ್ತಿರ ಬಂದು, ಮರಗಟ್ಟಿದ್ದ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ರಿಸೀವರನ್ನು ಮೆಲ್ಲಗೆ ಕೆಳಗಿಟ್ಟರು.