ಮಗಳಿಗೆ ಮೀಸೆ ಅಂಟಿಸಿದ ಮಾವ

ಇಂಗ್ಲೆಂಡಿನ ಆ ಮಹಾ ನಾಟಕಕಾರ ನಾನೂರು ವರ್ಷದ ಹಿಂದೆ ಬಂಗಾರಪೇಟೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ನಾಟಕ ಬರೆದ ಅಂತ ನಂಬಿರುವ ಏಕೈಕ ಮನುಷ್ಯ ನಮ್ಮ ಸೋದರಮಾವ. ಬೆಳಗ್ಗೆ ಡೈರಿಗೆ ಹಾಲು ಹಾಕಿ ಬಂದರೆ, ಸಂಜೆ ಹಸು ಕರೆಯುವ ಹೊತ್ತಿನ ತನಕ ಅವರು ಸಿನಿಮಾ ನಿರ್ದೇಶಕರು. ಕ್ಯಾಮೆರಾ ನನ್ನ ಮೊಬೈಲು. ಕ್ಯಾಮೆರಾಮನ್ ಬೇರೆ ಯಾರು, ನಾನೇ!

ಸಿನಿಮಾದ ಕಥೆ ಆ ನಾಟಕದ್ದೇ, ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು ಮಾವನಿಗೆ ಹೇಳಿದ್ದು. ತಮ್ಮನೇ ರಾಜ್ಯ ಕಿತ್ತುಕೊಂಡು ಓಡಿಸಿದ ದೊರೆಯೊಬ್ಬ ಕಾಡು ಸೇರಿದ್ದಾನೆ. ಮಗಳು ಗಂಡುವೇಷದಲ್ಲಿ ಅದೇ ಕಾಡಿಗೆ ಬರುತ್ತಾಳೆ. ಎದುರಿಗೇ ನಿಂತರೂ ಅಪ್ಪನಿಗೆ ಗುರುತು ಸಿಗುವುದಿಲ್ಲ. ಕೊನೆಗೆ ಎಲ್ಲ ಸರಿಹೋಗಿ ಸಾಲುಸಾಲು ಮದುವೆ. ಅರಮನೆಗೆ ಮಾವ ಮುಚ್ಚಿಹೋದ ಚಿನ್ನದ ಗಣಿ ಮೈಸೂರು ಮೈನ್ಸಿನ ಪಾಳುಬಂಗಲೆ ಗೊತ್ತುಮಾಡಿದರು, ಕಾಡಿಗೆ ನಮ್ಮೂರ ನೀಲಗಿರಿ ತೋಪು. "ಇಲ್ಲಿ ಒಂದು ನರೀನೂ ಇಲ್ವಲ್ಲ ಮಾವ" ಅಂದೆ. "ನಾನು ಕಾಡು ಅಂತ ಏಳಿದ್ ಮೇಲೆ ಅದು ಕಾಡೇ ಕಣ್ಲಾ" ಅಂದರು.

ದೊರೆಯ ಪಾರ್ಟು ಅವರದೇ. ಮಗಳ ಪಾರ್ಟಿಗೆ ಮೀಸೆ ಅಂದಕೂಡಲೇ ಊರ ಹುಡುಗಿಯರೆಲ್ಲ ಜಾಗ ಖಾಲಿ ಮಾಡಿದರು. ಒಪ್ಪಿದವಳು ಮಾವನ ಸ್ವಂತ ಮಗಳು. ತೊಂದರೆ ಏನಪ್ಪಾ ಅಂದರೆ, ಮಾವ ಅವಳನ್ನು ಮಾತಾಡಿಸುವುದಿಲ್ಲ. ನನಗೇ ಕೊಡುವುದು ಅಂತ ಮನೆಯವರೆಲ್ಲ ಸೇರಿ ಗೊತ್ತುಮಾಡಿದ್ದ ಹುಡುಗಿ ಅವಳು. ನಮ್ಮಿಬ್ಬರನ್ನು ಮಾತ್ರ ಯಾರೂ ಕೇಳಿರಲಿಲ್ಲ. ಅವಳು ನಂದಿದುರ್ಗ ಗಣಿಯ ಕೂಲಿಕಾರರ ಲೈನ್ ಮನೆಯ ತಮಿಳು ಹುಡುಗನನ್ನು ಕಟ್ಟಿಕೊಂಡಳು. ಹೆಣ್ಣು ತಪ್ಪಿಹೋದ ನಾನು ವಾರದಲ್ಲೇ ಸುಧಾರಿಸಿಕೊಂಡೆ, ಮಾವ ಎರಡು ವರ್ಷವಾದರೂ ಇಲ್ಲ. ಮಾರಿಕುಪ್ಪಂ ರೈಲುಗಾಡಿಯಿಂದ ಅವಳು ಬಂಗಾರಪೇಟೆಯಲ್ಲಿ ಇಳಿದರೆ, ಇವರು ಟೈಮ್‌ಟೇಬಲ್ ಬೋರ್ಡು ಓದುತ್ತ ನಿಲ್ಲುತ್ತಾರೆ. ಕನ್ನಡಕ ಮನೆಯಲ್ಲಿರುತ್ತದೆ!

"ಮಗಳು ಅಂತಲ್ಲ, ಆರ್ಟಿಸ್ಟ್ ಅಂತ ತಗೊಂಡಿದ್ದೀನಿ" ಎಂದು ಅತ್ತೆಗೆ ಸಮಜಾಯಿಷಿ ಕೊಟ್ಟರು.

"ಆರ್ಟಿಸ್ಟ್‌ಗೆ ಒಂದು ಮುದ್ದೆ ಇಕ್ಕಬೋದಾ?" ಅಂದರು ಅತ್ತೆ.

ಶೂಟಿಂಗಿನಲ್ಲಿ ಮಾತೆಲ್ಲ ನನ್ನ ಮೂಲಕ. ಅವಳು ಪಕ್ಕದಲ್ಲೇ ನಿಂತಿದ್ದರೂ, "ಲೇ, ಆ ಆರ್ಟಿಸ್ಟ್‌ಗೆ ಏಳ್ಲಾ, ಮೀಸೆ ಜಾರ್ತಾ ಐತೆ." ಅವಳೂ ಆ ಅಪ್ಪನ ಮಗಳೇ ತಾನೆ? "ಬಾವ, ಡೈರೆಕ್ಟರಿಗೆ ಏಳು, ಅವರು ತಂದಿರೋ ಅಂಟೇ ಸರಿಯಿಲ್ಲ." ಕುರಿ ಹೊಡೆದುಕೊಂಡು ಬಂದ ಊರಿನ ಅಜ್ಜಿಯೊಬ್ಬಳು ಮೀಸೆಯವಳನ್ನು ನೋಡಿ, "ಏನವ್ವ, ಅಪ್ಪನ ಮನೆಗೆ ಬಂದ್ಯಾ?" ಅಂದಳು. ಮಾವ ಸಿಡುಕಿದರು: "ಅದು ಗಂಡಸು ಕಣಜ್ಜಿ."

"ಇವಳ ಎರಿಗೆ ಮಾಡ್ಸಿದ್ದು ನಾನು. ನಂಗೇ ಏಳ್ತೀಯಾ?"

ಕಡೆಗೆ ಗುರುತು ಸಿಗದ ದೃಶ್ಯ ಬಂತು. ದೊರೆ ಮಗಳನ್ನು ನೋಡಿ "ಯಾರಪ್ಪ ನೀನು, ಯಾವೂರು?" ಅನ್ನಬೇಕು. ಮಾವನಿಗೆ ವರ್ಷಗಟ್ಟಲೆ ಪ್ರಾಕ್ಟೀಸಿದೆ, ಒಂದೇ ಟೇಕಿಗೆ ಓಕೆ ಅಂದುಕೊಂಡೆ.

ಅವಳು ಬಂದು ನಿಂತಳು. ಗಂಡನ ಅಂಗಿ ಭುಜದಿಂದ ಇಳಿಬಿದ್ದಿತ್ತು. ದೃಶ್ಯಕ್ಕೋಸ್ಕರ ಮಾವ ಅವಳ ಮುಖ ನೋಡಲೇಬೇಕಾಯಿತು. ಮದುವೆಯಾದ ಮೇಲೆ ನೆಟ್ಟಗೆ ನೋಡಿದ್ದು ಅದೇ ಮೊದಲು. "ಯಾರಪ್ಪ..." ಅಂತ ಶುರುಮಾಡಿ ನಿಲ್ಲಿಸಿದರು.

"ಯಾಕಮ್ಮ ಇಷ್ಟು ಸೊರಗೋಗಿದ್ದೀಯ?" ಅಂದರು.

ಅವಳು ಮೀಸೆ ಸಮೇತ ಅತ್ತಳು. ಕಟ್ ಹೇಳಬೇಕಾದ ಡೈರೆಕ್ಟರು ಮಗಳ ತಲೆ ಸವರುತ್ತ ತರಗೆಲೆಯ ಮೇಲೆ ಕೂತುಬಿಟ್ಟಿದ್ದರು. ನಾನು ಚಾರ್ಜು ಮುಗಿದು ಮೊಬೈಲೇ ಆಫ್ ಆಗುವವರೆಗೂ ಹಾಗೇ ಹಿಡಿದುಕೊಂಡು ನಿಂತಿದ್ದೆ.